ಹೊಲಿಗೆ ಬಿಚ್ಚಿದ ಮೇಲೂ ನೋವು ನಿಲ್ಲದಿದ್ದರೆ

2004ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹಿಳೆಯೊಬ್ಬರು ಖಾಸಗಿ ಆಸ್ಪತ್ರೆಯಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಹೊಟ್ಟೆನೋವು, ಬೆನ್ನುನೋವು ಅಲ್ಲಿಂದಲೇ ಶುರುವಾಯಿತು. ಆಪರೇಷನ್ ಆದ ಮೇಲೆ ಇದೆಲ್ಲ ಇರುವಂಥದ್ದೇ ಎಂಬ ಸಮಾಧಾನ ಸಿಕ್ಕಿತು, ಮಾತ್ರೆ ಸಿಕ್ಕಿತು. ನೋವು ಮಾತ್ರ ಹೋಗಲಿಲ್ಲ. ಆರು ವರ್ಷದ ನಂತರ, 2010ರಲ್ಲಿ, ಬೇರೊಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಒಳಗೆ 3.2 ಸೆಂಟಿಮೀಟರ್ ಉದ್ದದ ಸೂಜಿ ಕಂಡಿತು. ಅದನ್ನು ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ, ಆಮೇಲೆ ಗ್ರಾಹಕ ವೇದಿಕೆ, ಅಲ್ಲಿಂದ ಮೇಲ್ಮನವಿ. 2024ರಲ್ಲಿ ರಾಜ್ಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ ಆದೇಶ ಕೊಟ್ಟಿತು: 5 ಲಕ್ಷ ರೂಪಾಯಿ ಪರಿಹಾರ, 50 ಸಾವಿರ ವ್ಯಾಜ್ಯದ ಖರ್ಚು. ಅಷ್ಟೊತ್ತಿಗೆ ಮೊದಲ ಆಪರೇಷನ್ ನಡೆದು 20 ವರ್ಷವಾಗಿತ್ತು.

ಈ ಪ್ರಕರಣದಲ್ಲಿ ಎರಡು ಲೋಪಗಳಿವೆ. ಸೂಜಿ ಒಳಗೆ ಉಳಿದದ್ದು ಒಂದು. ರೋಗಿ ನೋವು ಅನ್ನುತ್ತಲೇ ಇದ್ದರೂ ಆ ನೋವಿನ ಕಾರಣ ಸಿಗದೆ ಆರು ವರ್ಷ ಕಳೆದದ್ದು ಇನ್ನೊಂದು. ಮೊದಲನೆಯದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಒಂದು ಗಳಿಗೆಯಲ್ಲಿ ಆಗುವಂಥದ್ದು. ಎರಡನೆಯದು ವಾರ್ಡಿನಲ್ಲಿ, ಹೊರರೋಗಿ ವಿಭಾಗದ ಸಾಲಿನಲ್ಲಿ, ಊರಿಗೆ ಮರಳಿದ ಮೇಲೆ ಮನೆಯ ಮಂಚದ ಮೇಲೆ, ದಿನದಿಂದ ದಿನಕ್ಕೆ ಬೆಳೆಯುವಂಥದ್ದು. ವೈದ್ಯಕೀಯ ನಿರ್ಲಕ್ಷ್ಯದ ಎಷ್ಟೋ ದಾವೆಗಳು ಈ ಎರಡನೆಯ ಜಾಗದಲ್ಲೇ ಗೆಲ್ಲುತ್ತವೆ ಅಥವಾ ಸೋಲುತ್ತವೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಜನಕ್ಕೆ ಈ ಎರಡನೆಯ ಜಾಗ ಇನ್ನೂ ಉದ್ದ. ಮೂರೂ ಕಡೆ ತಾಲ್ಲೂಕು ಆಸ್ಪತ್ರೆ ಇದೆ. ಆದರೆ ದೊಡ್ಡ ಆಪರೇಷನ್ ಅಂದರೆ ಜನ ಕಲಬುರಗಿಯ ಹಾದಿ ಹಿಡಿಯುತ್ತಾರೆ. ಅಲ್ಲಿ 2013ರಲ್ಲಿ ಶುರುವಾದ ಸರಕಾರಿ ವೈದ್ಯಕೀಯ ಸಂಸ್ಥೆ ಜಿಮ್ಸ್ ಇದೆ, 1963ರಷ್ಟು ಹಳೆಯದಾದ ಎಂ.ಆರ್. ವೈದ್ಯಕೀಯ ಕಾಲೇಜಿನ ಬಸವೇಶ್ವರ ಆಸ್ಪತ್ರೆ ಇದೆ, ಸಾಲುಸಾಲು ನರ್ಸಿಂಗ್ ಹೋಮ್‌ಗಳಿವೆ. ಆಳಂದ, ಅಫಜಲಪುರದ ಗಡಿ ಊರಿನವರಿಗೆ ಅಕ್ಕಲಕೋಟೆ ದಾಟಿದರೆ ಸೊಲ್ಲಾಪುರ. ಜೇವರ್ಗಿಯ ಕೆಲವರು ವಿಜಯಪುರಕ್ಕೂ ಹೋಗುತ್ತಾರೆ. ಕೈ ಮೀರಿದರೆ ಎಲ್ಲರಿಗೂ ಹೈದರಾಬಾದ್. ಆಪರೇಷನ್ ಒಂದೂರಲ್ಲಿ, ಹೊಲಿಗೆ ಬಿಚ್ಚುವುದು ಇನ್ನೊಂದೂರಲ್ಲಿ, ಜ್ವರ ಬಂದರೆ ಇಂಜೆಕ್ಷನ್ನು ಆರ್‌ಎಂಪಿ ಎಂದು ಕರೆಸಿಕೊಳ್ಳುವ ಊರ ವೈದ್ಯರ ಕೈಯಲ್ಲಿ. ತೊಗರಿ ರಾಶಿಯ ಕಾಲದಲ್ಲಿ ಕೂಲಿ ಬಿಟ್ಟು ಬಸ್ಸು ಹತ್ತಿ ಮತ್ತೆ ದವಾಖಾನೆಗೆ ಹೋಗುವುದು ಎಲ್ಲರಿಗೂ ಆಗುವ ಮಾತಲ್ಲ. ಹೀಗಾಗಿ ಒಬ್ಬರು ಗಮನಿಸಬೇಕಾದ್ದು ನಾಲ್ವರ ನಡುವೆ ಹಂಚಿಹೋಗುತ್ತದೆ, ಕೊನೆಗೆ ಯಾರೂ ಗಮನಿಸಿರುವುದಿಲ್ಲ.

ಆಪರೇಷನ್ ಆದ ಮೇಲೆ ತಪ್ಪಿಹೋಗುವ ರೋಗಲಕ್ಷಣಗಳು ಲೆಕ್ಕವಿಲ್ಲದಷ್ಟೇನೂ ಇಲ್ಲ. ಒಳಗೆ ರಕ್ತ ಸೋರುತ್ತಿದ್ದರೆ ನಾಡಿ ಏರುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಕರುಳಿಗೆ ಹಾಕಿದ ಹೊಲಿಗೆ ಸೋರಿದರೆ ಕೆಲವು ದಿನ ಬಿಟ್ಟು ಜ್ವರ, ಹೊಟ್ಟೆ ಉಬ್ಬರ, ಗಾಳಿ ಹೋಗದಿರುವುದು ಕಾಣುತ್ತದೆ. ಗರ್ಭಚೀಲ ತೆಗೆಯುವಾಗ ಪಕ್ಕದ ಮೂತ್ರನಾಳಕ್ಕೆ ಪೆಟ್ಟಾದರೆ ಪಕ್ಕೆನೋವು, ಜ್ವರ, ಇಲ್ಲವೇ ತಿಳಿಯದೆ ಮೂತ್ರ ಸೋರುವುದು ಶುರುವಾಗುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೆ ಮೀನಖಂಡ ಬಾಯುತ್ತದೆ, ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಒಮ್ಮೆಲೇ ಉಸಿರು ಕಟ್ಟುತ್ತದೆ. ಹತ್ತಿ ಬಟ್ಟೆ ಒಳಗೇ ಉಳಿದಿದ್ದರೆ ಗಾಯ ಮಾಗುವುದಿಲ್ಲ, ಕೀವು ನಿಲ್ಲುವುದಿಲ್ಲ. ಕೆಲವೊಮ್ಮೆ ವರ್ಷಗಟ್ಟಲೆ ಸುಮ್ಮನಿದ್ದು ಗಡ್ಡೆಯ ರೂಪದಲ್ಲಿ ತೋರುತ್ತದೆ. ಶಸ್ತ್ರಚಿಕಿತ್ಸೆಗೆ ಬಳಸುವ ಬಟ್ಟೆಯಲ್ಲಿ ಎಕ್ಸ್‌ರೇಗೆ ಕಾಣುವ ಎಳೆಯೊಂದನ್ನು ನೇಯ್ದಿರುತ್ತಾರೆ. ಅಂದರೆ ನೋಡಿದರೆ ಕಾಣುತ್ತದೆ, ನೋಡಬೇಕು ಅಷ್ಟೆ.

ಕಾನೂನು ಹಿಡಿಯುವುದೂ ಇದನ್ನೇ. ಆಪರೇಷನ್ ಆದ ಮೇಲೆ ತೊಂದರೆ ಬಂತು ಎಂಬ ಒಂದೇ ಕಾರಣಕ್ಕೆ ವೈದ್ಯರು ತಪ್ಪಿತಸ್ಥರಾಗುವುದಿಲ್ಲ. ದಿಲ್ಲಿಯ ಆಸ್ಪತ್ರೆಯೊಂದರಲ್ಲಿ 1990ರಲ್ಲಿ ಒಬ್ಬರ ಅಡ್ರಿನಲ್ ಗ್ರಂಥಿಯ ಗಡ್ಡೆ ತೆಗೆಯುವಾಗ ಪಕ್ಕದ ಮೇದೋಜೀರಕ ಗ್ರಂಥಿಗೆ ಪೆಟ್ಟಾಯಿತು, ಮುಂದೆ ರೋಗಿ ತೀರಿಕೊಂಡರು. ಮನೆಯವರು 45 ಲಕ್ಷ ಪರಿಹಾರ ಕೇಳಿದರು. ಕುಸುಮ್ ಶರ್ಮಾ ಪ್ರಕರಣ ಎಂದು ಹೆಸರಾದ ಈ ದಾವೆಯನ್ನು ಸುಪ್ರೀಂ ಕೋರ್ಟ್ 2010ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಅಂಥ ಶಸ್ತ್ರಚಿಕಿತ್ಸೆಯಲ್ಲಿ ಅಂಥ ಅಪಾಯ ಇದ್ದದ್ದೇ, ವೈದ್ಯರು ತಮ್ಮ ವೃತ್ತಿಯ ಸಾಮಾನ್ಯ ಕೌಶಲವನ್ನೂ ಎಚ್ಚರವನ್ನೂ ಬಳಸಿದ್ದಾರೆ ಎಂಬುದು ಅದರ ಸಾರ. ಇಂಗ್ಲೆಂಡಿನ 1957ರ ಬೋಲಂ ತೀರ್ಪಿನಿಂದ ಬಂದ ಒರೆಗಲ್ಲೂ ಇದೇ: ಅದೇ ವಿದ್ಯೆ ಕಲಿತ ಜವಾಬ್ದಾರಿಯುತ ವೈದ್ಯರು ಆ ಸ್ಥಿತಿಯಲ್ಲಿ ಏನು ಮಾಡುತ್ತಿದ್ದರೋ ಅದನ್ನು ಮಾಡಿದ್ದರೆ ಸಾಕು. ಅತಿ ಜಾಣರಾಗಿರಬೇಕಿಲ್ಲ, ಆದರೆ ರೋಗಿಯನ್ನು ನೋಡಬೇಕು, ನೋಡಿದ್ದಕ್ಕೆ ಸ್ಪಂದಿಸಬೇಕು.

ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಔರಂಗಾಬಾದಿನ ಪ್ರಕರಣ ಸಾಕ್ಷಿ. ಅಲ್ಲಿನ ಸಿವಿಲ್ ಆಸ್ಪತ್ರೆಯಲ್ಲಿ 1963ರ ಜುಲೈ 10ರಂದು ಒಬ್ಬ ತಾಯಿಗೆ ಗಂಡುಮಗು ಹುಟ್ಟಿತು. 13ರಂದು ಮಕ್ಕಳಾಗದಂತೆ ಆಪರೇಷನ್ ಆಯಿತು. ಅದಾದ ಬೆನ್ನಿಗೇ ಜೋರು ಜ್ವರ, ಹೊಟ್ಟೆನೋವು. 19ರಂದು ಮತ್ತೆ ಹೊಟ್ಟೆ ಕೊಯ್ದು ನೋಡಿದಾಗ ಒಳಗೆ ಬಟ್ಟೆ ಇತ್ತು, ಸುತ್ತ ಕೀವು ತುಂಬಿತ್ತು. 24ರಂದು ಆಕೆ ತೀರಿಕೊಂಡರು. ಗಂಡ ಮತ್ತು ಮಕ್ಕಳು ದಾವೆ ಹೂಡಿದರು. ಕೆಳಗಿನ ನ್ಯಾಯಾಲಯ 36 ಸಾವಿರ ರೂಪಾಯಿ ಪರಿಹಾರ ಕೊಟ್ಟಿತು. ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು. 1996ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೆಳ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಆ ಹೊತ್ತಿಗೆ ಅಂದು ಹುಟ್ಟಿದ ಮಗುವಿಗೆ 32 ವರ್ಷ.

ಅಚ್ಯುತರಾವ್ ಖೋಡ್ವಾ ಪ್ರಕರಣವೆಂದು ವಕೀಲರು ಕರೆಯುವ ಈ ತೀರ್ಪಿನಲ್ಲಿ ಸಾಮಾನ್ಯ ಓದುಗರಿಗೆ ಬೇಕಾದ ಎರಡು ಅಂಶಗಳಿವೆ. ಹೊಟ್ಟೆಯಲ್ಲಿ ಬಟ್ಟೆ ಸಿಕ್ಕಿದ ಮೇಲೆ ನಿರ್ಲಕ್ಷ್ಯವನ್ನು ಬೇರೆಯಾಗಿ ಸಾಬೀತು ಮಾಡಬೇಕಿಲ್ಲ, ಆ ಸಂಗತಿಯೇ ಮಾತಾಡುತ್ತದೆ ಎಂಬುದು ಮೊದಲನೆಯದು. ಸಿಬ್ಬಂದಿಯಲ್ಲಿ ಯಾರ ಕೈ ತಪ್ಪಿತು ಎಂದು ಬಡ ಕುಟುಂಬ ಬೆರಳು ಮಾಡಿ ತೋರಿಸಬೇಕಿಲ್ಲ, ಆಸ್ಪತ್ರೆ ನಡೆಸುವ ಸರಕಾರವೇ ಹೊಣೆ ಎಂಬುದು ಎರಡನೆಯದು. 2004ರ ಸವಿತಾ ಗರ್ಗ್ ತೀರ್ಪು ಇದೇ ಮಾತನ್ನು ಖಾಸಗಿ ಆಸ್ಪತ್ರೆಗೂ ವಿಸ್ತರಿಸಿತು: ಪ್ರತಿಯೊಬ್ಬ ವೈದ್ಯರ ಹೆಸರು ಹಾಕಿಲ್ಲವೆಂದು ದೂರು ಬಿದ್ದುಹೋಗುವುದಿಲ್ಲ, ತಾನು ಎಚ್ಚರ ವಹಿಸಿದ್ದೆನೆಂದು ಆಸ್ಪತ್ರೆಯೇ ತೋರಿಸಬೇಕು.

ಇಂಥದ್ದು ಹಳೆಯ ಕಾಲದ ಕತೆಯೆಂದು ತಳ್ಳುವಂತಿಲ್ಲ. ಕೇರಳದ ಕೋಝಿಕ್ಕೋಡ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 2017ರಲ್ಲಿ ಸಿಸೇರಿಯನ್ ಆದ ಮಹಿಳೆಯೊಬ್ಬರು ಐದು ವರ್ಷ ನೋವು ತಿಂದರು. 2022ರ ಸೆಪ್ಟೆಂಬರಿನಲ್ಲಿ ಅವರ ಹೊಟ್ಟೆಯಿಂದ ಕತ್ತರಿಯಂಥ ಫೋರ್ಸೆಪ್ಸ್ ಹೊರಬಂತು. ಪೊಲೀಸರು ಇಬ್ಬರು ವೈದ್ಯರು ಮತ್ತು ಇಬ್ಬರು ನರ್ಸ್‌ಗಳ ಮೇಲೆ ಆರೋಪಪಟ್ಟಿ ಹಾಕಿದರು.

ಕಲಬುರಗಿ ಜಿಲ್ಲೆಯ ಕತೆ ಇನ್ನೊಂದು ಬಗೆಯದು, ಸಂಖ್ಯೆಯಲ್ಲಿ ಇವೆಲ್ಲಕ್ಕಿಂತ ದೊಡ್ಡದು. 2015ರಲ್ಲಿ ಇಲ್ಲಿನ ಖಾಸಗಿ ಆಸ್ಪತ್ರೆಗಳಲ್ಲಿ ಬೇಕಿಲ್ಲದಿದ್ದರೂ ಗರ್ಭಚೀಲ ತೆಗೆಯುತ್ತಿದ್ದಾರೆ ಎಂಬ ದೂರು ಬಯಲಾಯಿತು. ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಬಂದ ಹೆಂಗಸರಿಗೆ ಗರ್ಭಚೀಲ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಆಪರೇಷನ್ನಿಗೆ ಒಪ್ಪಿಸಿದ್ದರು ಎಂಬುದು ಆರೋಪ. ಅವರಲ್ಲಿ ಬಹುಪಾಲು ಲಂಬಾಣಿ ತಾಂಡಾ ಮತ್ತು ದಲಿತ ಕೇರಿಗಳ ಬಡವರು, ಎಷ್ಟೋ ಮಂದಿ ನಲವತ್ತು ತುಂಬದವರು. ಆರೋಗ್ಯ ಇಲಾಖೆ ತನಿಖೆ ನಡೆಸಿತು. ನಾಲ್ಕು ಆಸ್ಪತ್ರೆಗಳ ಪರವಾನಗಿ ರದ್ದಿಗೆ ಆದೇಶವಾಯಿತು. ಹೀಗೆ ಗರ್ಭಚೀಲ ಕಳೆದುಕೊಂಡವರು 2,258 ಮಂದಿ ಎಂಬ ಅಂಕಿ ಪತ್ರಿಕೆಗಳಲ್ಲಿ ಬಂತು. ಆದೇಶವಾದರೂ ಆಸ್ಪತ್ರೆಗಳು ನಡೆಯುತ್ತಲೇ ಇವೆ ಎಂದು ದೂರಿ 2017ರ ಫೆಬ್ರವರಿಯಲ್ಲಿ ಮಹಿಳೆಯರು ಕಲಬುರಗಿಯಲ್ಲಿ ಬೀದಿಗಿಳಿದರು.

ಇದನ್ನು ತಪ್ಪಿದ ರೋಗಪತ್ತೆಯ ಸಾಲಿಗೆ ಸೇರಿಸಲು ಕಾರಣವಿದೆ. ಬಿಳಿಸೆರಗು ಬಹಳ ಸಲ ಸೋಂಕಿನಿಂದ ಬರುತ್ತದೆ, ಔಷಧಿಯಲ್ಲೇ ವಾಸಿಯಾಗುತ್ತದೆ. ಕ್ಯಾನ್ಸರ್ ಅನುಮಾನವಿದ್ದರೆ ಪ್ಯಾಪ್ ಸ್ಮಿಯರ್, ಬಯಾಪ್ಸಿ, ಸ್ಕ್ಯಾನ್ ಎಂಬ ಮೆಟ್ಟಿಲುಗಳಿವೆ. ಆ ಮೆಟ್ಟಿಲು ಹತ್ತದೆ ಚಾಕು ಹಿಡಿದರೆ ಮೂಲ ಕಾಯಿಲೆಯೂ ಉಳಿಯುತ್ತದೆ, ಹೊಸ ತೊಂದರೆಯೂ ಸೇರುತ್ತದೆ. ಅಂಡಾಶಯವನ್ನೂ ತೆಗೆದಿದ್ದರೆ ಮೂವತ್ತರ ಹೆಣ್ಣಿಗೆ ಮುಟ್ಟು ನಿಲ್ಲುವ ಕಾಲದ ಎಲ್ಲ ಬಾಧೆಗಳೂ ಒಟ್ಟಿಗೆ ಬರುತ್ತವೆ: ಮೈ ಕಾವು, ನಿದ್ದೆಗೇಡು, ಮೂಳೆಯ ಸವೆತ. ಸೊಂಟನೋವು ಕಳೆಯಲೆಂದು ಆಪರೇಷನ್ ಮಾಡಿಸಿಕೊಂಡವರು ಹತ್ತಿ ಬಿಡಿಸಲು, ತೊಗರಿ ಕೊಯ್ಯಲು ಬಗ್ಗಲಾರದಂತಾಗುತ್ತಾರೆ. ತೆಗೆದ ಗರ್ಭಚೀಲವನ್ನು ಪ್ಯಾಥಾಲಜಿ ಪರೀಕ್ಷೆಗೆ ಕಳಿಸಿದ ವರದಿಯೊಂದಿದ್ದರೆ ಅದರಲ್ಲಿ ನಿಜವಾಗಿ ರೋಗವಿತ್ತೋ ಇಲ್ಲವೋ ಗೊತ್ತಾಗುತ್ತದೆ. ಆ ಹಾಳೆಯಿಲ್ಲದೆ ಆಯೋಗದ ಮುಂದೆ ನಿಂತವರಿಗೆ ತಮ್ಮ ಮಾತೊಂದೇ ಸಾಕ್ಷಿ.

ಬೇರೆ ರಾಜ್ಯಗಳಲ್ಲೂ ಹೀಗೇ ನಡೆದಿತ್ತು. ಬಿಹಾರ, ಛತ್ತೀಸಗಢ, ರಾಜಸ್ಥಾನದ ಪ್ರಕರಣಗಳನ್ನು ಹಿಡಿದು ಡಾ. ನರೇಂದ್ರ ಗುಪ್ತಾ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ರಾಷ್ಟ್ರ, ರಾಜ್ಯ, ಜಿಲ್ಲೆ ಮೂರೂ ಹಂತದಲ್ಲಿ ಗರ್ಭಚೀಲದ ಶಸ್ತ್ರಚಿಕಿತ್ಸೆಗಳ ಮೇಲೆ ಕಣ್ಣಿಡುವ ಸಮಿತಿ ಇರಬೇಕು ಎನ್ನುತ್ತದೆ ಅದು. ಮೂರು ತಿಂಗಳಲ್ಲಿ ಇದನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು.

ತೊಂದರೆಯಾದವರು ಹೋಗುವುದೆಲ್ಲಿಗೆ? ಮುಖ್ಯ ಬಾಗಿಲು ನಾಲ್ಕಿವೆ, ಒಂದೊಂದರೊಳಗೆ ಸಿಗುವುದು ಒಂದೊಂದು.

ಹಣದ ಪರಿಹಾರ ಬೇಕಿದ್ದರೆ ಗ್ರಾಹಕ ಆಯೋಗ. ವೈದ್ಯರ ಸೇವೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು 1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಹಾದಿ ತೆರೆಯಿತು. ಈಗಿರುವುದು 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆ. ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. ಕಟ್ಟಿದ್ದು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ಗಡಿ ತಾಲ್ಲೂಕಿನವರಿಗೆ ಈ ಕಾಯ್ದೆಯಲ್ಲಿ ಇನ್ನೊಂದು ದೊಡ್ಡ ಅನುಕೂಲವಿದೆ. ದೂರುದಾರರು ವಾಸವಿರುವ ಊರಿನ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಫಜಲಪುರದವರು ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರೂ, ಜೇವರ್ಗಿಯವರು ಹೈದರಾಬಾದಿಗೆ ಹೋಗಿದ್ದರೂ, ದಾವೆ ಕಲಬುರಗಿಯ ಜಿಲ್ಲಾ ಆಯೋಗದಲ್ಲೇ ನಡೆಯಬಹುದು. 1986ರ ಹಳೆಯ ಕಾಯ್ದೆಯಲ್ಲಿ ಈ ಸವಲತ್ತು ಇರಲಿಲ್ಲ. ಅಂತರ್ಜಾಲದಲ್ಲಿ ದೂರು ಕೊಡಲು 2020ರಲ್ಲಿ ಇ-ದಾಖಿಲ್ ಬಂತು, 2025ರಿಂದ ಅದರ ಜಾಗದಲ್ಲಿ ಇ-ಜಾಗೃತಿ ಇದೆ.

ವೈದ್ಯರ ನೋಂದಣಿಯ ಮೇಲೆ ಕ್ರಮ ಬೇಕಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಅದು ಎಚ್ಚರಿಕೆ ಕೊಡಬಹುದು, ಸ್ವಲ್ಪ ಕಾಲ ವೃತ್ತಿಯಿಂದ ದೂರ ಇಡಬಹುದು, ಹೆಸರನ್ನೇ ತೆಗೆಯಬಹುದು; ಪರಿಹಾರ ಕೊಡಿಸಲಾರದು. ಖಾಸಗಿ ಆಸ್ಪತ್ರೆಯ ವಿರುದ್ಧವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ. ಇದಕ್ಕೆ ಆಧಾರವಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರುವಾಗ ರಾಜ್ಯದ ಖಾಸಗಿ ವೈದ್ಯರು ಆಸ್ಪತ್ರೆ ಮುಚ್ಚಿ ಮುಷ್ಕರ ಹೂಡಿದ್ದು ಹಲವರಿಗೆ ನೆನಪಿರಬಹುದು. ರೋಗಿಗಳ ಹಕ್ಕಿನ ಪಟ್ಟಿ ಕಾಯ್ದೆಯೊಳಗೆ ಸೇರಿದ್ದು ಆಗಲೇ.

ನಾಲ್ಕನೆಯದು ಪೊಲೀಸ್ ಠಾಣೆ. ಸಿಟ್ಟಿನಲ್ಲಿ ಜನ ಮೊದಲು ಹೋಗುವುದು ಅಲ್ಲಿಗೇ, ಹೆಚ್ಚಾಗಿ ಬರಿಗೈಯಲ್ಲಿ ಮರಳುವುದೂ ಅಲ್ಲಿಂದಲೇ. ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲಬೇಕಾದರೆ ನಿರ್ಲಕ್ಷ್ಯ ಘೋರವಾಗಿರಬೇಕು, ಅದಕ್ಕೆ ಇನ್ನೊಬ್ಬ ವೈದ್ಯರ ಅಭಿಪ್ರಾಯದ ಆಧಾರ ಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ ಶಿಕ್ಷೆ ಇಟ್ಟಿದ್ದರೂ ನೋಂದಾಯಿತ ವೈದ್ಯರಿಗೆ ಅದು 2 ವರ್ಷದವರೆಗೆ ಮಾತ್ರ.

ಸರಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆಯಿದ್ದರೆ ಅದು ಗ್ರಾಹಕ ಕಾಯ್ದೆಯ ಹೊರಗೆ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತ ಕೊಡುವ ಆಸ್ಪತ್ರೆಯಾದರೆ ಉಚಿತ ಪಡೆದವರೂ ದೂರು ಕೊಡಬಹುದು. ವಿಮೆ ಅಥವಾ ಮಾಲೀಕರು ಹಣ ಕಟ್ಟಿದರೂ ಅದು ಉಚಿತ ಸೇವೆಯಲ್ಲ ಎಂದು ವಿ.ಪಿ. ಶಾಂತಾ ತೀರ್ಪಿನಲ್ಲೇ ಇದೆ. ಆಯುಷ್ಮಾನ್ ಕಾರ್ಡಿನ ಮೇಲೆ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರ ಪರವಾಗಿ ವಾದಿಸಲು ಇದೇ ಆಧಾರ. ಪೂರ್ತಿ ಉಚಿತವಿದ್ದಲ್ಲಿ ಔರಂಗಾಬಾದಿನ ಕುಟುಂಬದಂತೆ ಸಿವಿಲ್ ದಾವೆ ಹೂಡಬಹುದು, ಅಥವಾ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದು. ಕಲಬುರಗಿಯಲ್ಲೇ 2008ರಿಂದ ಹೈಕೋರ್ಟ್ ಪೀಠವಿದೆ, 2013ರಲ್ಲಿ ಅದು ಕಾಯಂ ಆಯಿತು. ಹರಿಯಾಣದ ಬಡ ಮಹಿಳೆಯೊಬ್ಬರು ಸರಕಾರಿ ಆಸ್ಪತ್ರೆಯಲ್ಲಿ ಮಕ್ಕಳಾಗದಂತೆ ಮಾಡಿದ ಆಪರೇಷನ್ ವಿಫಲವಾಯಿತೆಂದು ಸಿವಿಲ್ ದಾವೆ ಹೂಡಿ 2000ದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದಿದ್ದಾರೆ.

ಎಲ್ಲ ಬಾಗಿಲಿಗಿಂತ ಮೊದಲು ಗೊತ್ತಿರಬೇಕಾದ್ದು ಗಡುವು. ಗ್ರಾಹಕ ದೂರಿಗೆ ಎರಡು ವರ್ಷ. ಯಾವಾಗಿನಿಂದ ಎಂಬುದೇ ತಕರಾರು. ಗೋವಾದ ನರ್ಸ್ ಒಬ್ಬರಿಗೆ 1993ರಲ್ಲಿ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತು. ಒಂಬತ್ತು ವರ್ಷ ಹೊಟ್ಟೆನೋವಿಗೆ ಮಾತ್ರೆ ನುಂಗುತ್ತ ಬಂದರು. 2002ರಲ್ಲಿ ಮುಂಬಯಿಯಲ್ಲಿ ಎರಡನೇ ಆಪರೇಷನ್ ಆದಾಗ ಹತ್ತಿ ಬಟ್ಟೆ ಸಿಕ್ಕಿತು. 2004ರಲ್ಲಿ ರಾಷ್ಟ್ರೀಯ ಆಯೋಗಕ್ಕೆ ಹೋದರು. ಬಟ್ಟೆ ಸಿಕ್ಕಿದ ದಿನದಿಂದ ಲೆಕ್ಕ ಹಾಕಿದರೆ ಎರಡು ವರ್ಷದೊಳಗೇ ಇದ್ದರು. ಆದರೂ ಸುಪ್ರೀಂ ಕೋರ್ಟ್ 2010ರಲ್ಲಿ ದೂರನ್ನು ಹೊರಗಿಟ್ಟಿತು. ನೋವು ಆಪರೇಷನ್ ಆದಾಗಿನಿಂದ ಇತ್ತು, ದವಾಖಾನೆಯಲ್ಲೇ ಕೆಲಸ ಮಾಡುವ ನರ್ಸ್ ಅದೇ ವೈದ್ಯರ ಬಳಿ ಹೋಗಿ ವಿಚಾರಿಸಬೇಕಿತ್ತು, ಒಂಬತ್ತು ವರ್ಷ ಸುಮ್ಮನಿದ್ದುದಕ್ಕೆ ವಿವರಣೆಯಿಲ್ಲ ಎಂದಿತು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ: ತೊಂದರೆ ಹೊರಗೆ ಕಾಣದೆ ಅಡಗಿದ್ದರೆ, ರೋಗಿಗೆ ಅದು ಗೊತ್ತಾದ ದಿನದಿಂದ, ಅಥವಾ ಸಾಮಾನ್ಯ ಎಚ್ಚರವಿದ್ದವರಿಗೆ ಗೊತ್ತಾಗಬಹುದಾಗಿದ್ದ ದಿನದಿಂದ, ಗಡುವು ಶುರುವಾಗುತ್ತದೆ. ಸರಿಯಾದ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರವೂ ಆಯೋಗಕ್ಕಿದೆ.

ಇದರಿಂದ ಕಲಿಯಬೇಕಾದ್ದು ಸರಳ. ನೋವು ನಿಲ್ಲದಿದ್ದರೆ ಆಪರೇಷನ್ ಮಾಡಿದ ಆಸ್ಪತ್ರೆಗೇ ಮರಳಿ ಹೋಗಬೇಕು, ಹೋದದ್ದಕ್ಕೆ ಚೀಟಿ ಇರಬೇಕು. ಊರಿನ ಆರ್‌ಎಂಪಿ ಬಳಿ ಹತ್ತು ಇಂಜೆಕ್ಷನ್ ತೆಗೆದುಕೊಂಡು ತಿಂಗಳು ಕಳೆದರೆ, ರೋಗಿ ಹೇಳಿದ ದಿನಕ್ಕೆ ಬರಲೇ ಇಲ್ಲ ಎಂದು ಆಸ್ಪತ್ರೆ ವಾದಿಸುತ್ತದೆ, ಆ ವಾದಕ್ಕೆ ತೂಕವೂ ಇರುತ್ತದೆ.

ಚೀಟಿ ಎಂದರೆ ಬಿಲ್ಲು ಮತ್ತು ಡಿಸ್ಚಾರ್ಜ್ ಕಾರ್ಡು ಮಾತ್ರವಲ್ಲ. ಒಳರೋಗಿಯ ಪೂರ್ತಿ ಕೇಸ್ ಶೀಟ್, ಒಪ್ಪಿಗೆ ಪತ್ರ, ಆಪರೇಷನ್ ಟಿಪ್ಪಣಿ, ಅರಿವಳಿಕೆಯ ದಾಖಲೆ, ನರ್ಸ್‌ಗಳು ಗಂಟೆಗಂಟೆಗೆ ಬರೆದ ನಾಡಿ-ಜ್ವರದ ಪಟ್ಟಿ, ಲ್ಯಾಬ್ ವರದಿ ಎಲ್ಲವೂ ಬೇಕು. ನಾಡಿ ಏರುತ್ತಿದ್ದರೂ ಯಾವ ವೈದ್ಯರೂ ಬಂದು ನೋಡಲಿಲ್ಲ ಎಂಬುದು ಆ ಪಟ್ಟಿಯಲ್ಲೇ ಸಿಗುತ್ತದೆ. ವೈದ್ಯರು ಬಂದು ನೋಡಿ, ಸ್ಕ್ಯಾನ್ ಬರೆದು, ಔಷಧಿ ಬದಲಿಸಿದ್ದರೆ ಅವರನ್ನು ಕಾಪಾಡುವುದೂ ಅದೇ ಪಟ್ಟಿ. ವೃತ್ತಿ ನಡತೆಯ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಪಾಡಬೇಕು, ರೋಗಿ ಅಥವಾ ಅವರ ಪರವಾದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಿದರೆ ನಾಳೆ ಬನ್ನಿ ಎನ್ನುತ್ತಾರೆ. ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು, ಇಲ್ಲವೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು.

ತಜ್ಞರ ಅಭಿಪ್ರಾಯ ಎಂಬುದು ಇನ್ನೊಂದು ಅಡ್ಡಿ. ಒಂದೇ ಜಿಲ್ಲೆಯಲ್ಲಿ ಕೂಡಿ ಕೆಲಸ ಮಾಡುವ ವೈದ್ಯರು ಒಬ್ಬರ ವಿರುದ್ಧ ಇನ್ನೊಬ್ಬರು ಬರೆದು ಕೊಡುವುದು ಅಪರೂಪ. ಹೈದರಾಬಾದಿನ ಪ್ರಕರಣವೊಂದು ಇಲ್ಲಿ ನೆರವಿಗೆ ಬರುತ್ತದೆ. 2002ರಲ್ಲಿ ಜ್ವರವೆಂದು ಆಸ್ಪತ್ರೆ ಸೇರಿದ ಮಹಿಳೆಗೆ ಮಲೇರಿಯಾ ಇತ್ತು, ಕೊಟ್ಟ ಚಿಕಿತ್ಸೆ ಟೈಫಾಯಿಡಿನದು. ಆಕೆ ಉಳಿಯಲಿಲ್ಲ. ಜಿಲ್ಲಾ ವೇದಿಕೆ ಕೊಟ್ಟ 2 ಲಕ್ಷದ ಪರಿಹಾರವನ್ನು ತಜ್ಞರ ಸಾಕ್ಷ್ಯವಿಲ್ಲವೆಂದು ಮೇಲಿನವರು ರದ್ದು ಮಾಡಿದ್ದರು. ಸುಪ್ರೀಂ ಕೋರ್ಟ್ 2010ರ ಮಾರ್ಚಿನಲ್ಲಿ ಅದನ್ನು ಮರಳಿಸಿತು. ತಪ್ಪು ಎದ್ದು ಕಾಣುವ ಪ್ರಕರಣದಲ್ಲಿ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲ ಎಂದಿತು. ವಿ. ಕಿಶನ್ ರಾವ್ ಪ್ರಕರಣವೆಂದರೆ ಕಲಬುರಗಿಯ ಯಾವ ವಕೀಲರಿಗೂ ಗೊತ್ತಾಗುತ್ತದೆ.

ವೈದ್ಯರ ಕಡೆಯ ಮಾತನ್ನೂ ಕೇಳಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಮೊದಲು ಬೆರಳು ಹೋದದ್ದು ವೈದ್ಯರ ಕಡೆಗೆ. ಆಮೇಲೆ ಅನುಮಾನ ಪಶ್ಚಿಮ ಬಂಗಾಳದ ಕಂಪನಿಯೊಂದರ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ತಿರುಗಿತು. ಸರಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಒಂದು ಸಾವಿನ ಹಿಂದೆ ಚಾಕು ಹಿಡಿದವರೇ ಇರಬೇಕೆಂದಿಲ್ಲ. ಬಾಟಲಿ ಕೊಂಡವರು, ಪರೀಕ್ಷಿಸಬೇಕಾದವರು, ರಾತ್ರಿ ಪಾಳಿಗೆ ಸಾಕಷ್ಟು ಸಿಬ್ಬಂದಿ ಕೊಡದವರು ಕೂಡ ಇರಬಹುದು. ಆಸ್ಪತ್ರೆಯ ಗಾಜು ಒಡೆದರೆ ಇದಾವುದೂ ಹೊರಗೆ ಬರುವುದಿಲ್ಲ.

ತಡೆಯುವ ದಾರಿಗಳು ದುಬಾರಿಯೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗೆಂದು ಒಂದೇ ಹಾಳೆಯ ತಪಾಸಣಾ ಪಟ್ಟಿ ಹೊರತಂದಿತು. ರೋಗಿಯ ಹೆಸರೇನು, ಆಪರೇಷನ್ ಯಾವುದು, ಯಾವ ಕಡೆ ಎಂದು ಕೊಯ್ಯುವ ಮೊದಲು ಗಟ್ಟಿಯಾಗಿ ಹೇಳಬೇಕು. ಹೊಲಿಗೆ ಹಾಕಿ ಹೊರಡುವ ಮೊದಲು ಸೂಜಿ, ಬಟ್ಟೆ, ಸಲಕರಣೆಗಳನ್ನು ಎಣಿಸಿ ಹೇಳಬೇಕು. ಮುಂದೆ ಈ ರೋಗಿಯ ಬಗ್ಗೆ ಏನು ಎಚ್ಚರ ಬೇಕೆಂದು ಎಲ್ಲರೆದುರು ಮಾತಾಡಬೇಕು. ದಿಲ್ಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪಾಲಿಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ, ತೊಡಕುಗಳು ಶೇ 11ರಿಂದ ಶೇ 7ಕ್ಕೆ ಇಳಿದವೆಂದು 2009ರಲ್ಲಿ ಪ್ರಕಟವಾಯಿತು. ಆ ಹಾಳೆ ಕೇಸ್ ಶೀಟಿನಲ್ಲಿದ್ದರೆ ಆಸ್ಪತ್ರೆಗೂ ಅದು ರಕ್ಷಣೆ. ಬೆಂಗಳೂರಿನ ಆ ಸೂಜಿಯನ್ನು ಅಂದೇ ಯಾರಾದರೂ ಎಣಿಸಿದ್ದರೆ ಆ ವ್ಯಾಜ್ಯ ಹುಟ್ಟುತ್ತಲೇ ಇರಲಿಲ್ಲ.

ತೀರ್ಪು ಬೇಗ ಬರುತ್ತದೆಂದು ಯಾರೂ ನಂಬಬೇಕಿಲ್ಲ. ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ, ನಡೆಯುವುದು ವರ್ಷಗಳ ಲೆಕ್ಕದಲ್ಲಿ. ಗೆದ್ದ ಮೇಲೂ ಎದುರಿನವರು ಮೇಲ್ಮನವಿಗೆ ಹೋಗುತ್ತಾರೆ. ಅದಕ್ಕೆ ಮೊದಲು ಆದೇಶದ ಮೊತ್ತದ ಅರ್ಧ ಠೇವಣಿ ಇಡಬೇಕೆಂಬುದು ಒಂದು ಸಮಾಧಾನ.

ಖರ್ಚಿಗೆ ಹೆದರಿ ಮನೆಯಲ್ಲೇ ಕೂರುವ ಅಗತ್ಯ ಮಾತ್ರ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಎಲ್ಲ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿಯ ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. ಕಾನೂನು ನೆರವಿನ ಸಹಾಯವಾಣಿ 15100, ಗ್ರಾಹಕ ಸಹಾಯವಾಣಿ 1915. ಆಪರೇಷನ್ ಆದ ಮನೆಯವರು ಇಂದೇ ಎರಡು ಕೆಲಸ ಮಾಡಲಿ: ಆಪರೇಷನ್ ಆದ ತಾರೀಕು ಮತ್ತು ನೋವು ಶುರುವಾದ ತಾರೀಕನ್ನು ಒಂದು ಹಾಳೆಯ ಮೇಲೆ ಬರೆದಿಡಲಿ, ಕೇಸ್ ಶೀಟಿನ ಪ್ರತಿಗೆ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಡಲಿ.